ಟೋಪಿಗೆ ಬೀವರ್ ತುಪ್ಪಟ, ತಿಪ್ಪೆಗೆ ಚಳ್ಳಕೆರೆ ಉಣ್ಣೆ

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆ ಕುರಿ ಉಣ್ಣೆ ಕತ್ತರಿಸುವ ಹೊತ್ತಿನಲ್ಲಿ ಯಾವುದಾದರೂ ರೊಪ್ಪದ ಹತ್ತಿರ ಹೋಗಿ ನೋಡಿ. ಕರಿ, ಕಂದು, ಬೂದು ಬಣ್ಣದ ಉಣ್ಣೆ ಗುಡ್ಡೆ ಬಿದ್ದಿರುತ್ತದೆ. ಮುಳ್ಳು, ಮಣ್ಣು, ಹಿಕ್ಕೆ ಎಲ್ಲ ಸೇರಿಕೊಂಡಿರುತ್ತವೆ. ಒಂದು ಕಾಲಕ್ಕೆ ಕಂಬಳಿ ನೇಯುವವರು ಮನೆ ಬಾಗಿಲಿಗೇ ಬಂದು ಈ ಉಣ್ಣೆ ಒಯ್ಯುತ್ತಿದ್ದರು. ಈಗ ಎಷ್ಟೋ ಕಡೆ ಉಣ್ಣೆ ಮಾರಿದ ದುಡ್ಡಿನಲ್ಲಿ ಕತ್ತರಿಸುವವರ ಕೂಲಿಯೂ ಹುಟ್ಟುವುದಿಲ್ಲ. ಹಾಗಂತ ಕತ್ತರಿಸದೆ ಬಿಡುವಂತಿಲ್ಲ. ಬಿಟ್ಟರೆ ಕುರಿ ಮೈಯಲ್ಲಿ ಉಣ್ಣಿ, ಹೇನು ಜಾಸ್ತಿಯಾಗುತ್ತವೆ. ಕುರಿಗಾರ ಕೈಯಿಂದ ಕೂಲಿ ಕೊಟ್ಟು ಕತ್ತರಿಸಿ, ಉಣ್ಣೆಯನ್ನು ತಿಪ್ಪೆಗೆ ಸುರಿದು ಸುಮ್ಮನಾಗುತ್ತಾನೆ.

ಅದೇ ಹೊತ್ತಿಗೆ ಅಮೆರಿಕದ ಹ್ಯಾಟ್ ಅಂಗಡಿಗಳಲ್ಲಿ ಬೀವರ್ ಎಂಬ, ನೀರಲ್ಲಿ ಬದುಕುವ ಇಲಿ ಜಾತಿಯ ಪ್ರಾಣಿಯ ಶುದ್ಧ ತುಪ್ಪಟದ ಒಂದು ಫೆಲ್ಟ್ ಹ್ಯಾಟಿನ ಬೆಲೆ ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ. ನೂಲಿಲ್ಲ, ಮಗ್ಗವಿಲ್ಲ, ಹೊಲಿಗೆಯೂ ಇಲ್ಲ. ಬರೀ ರೋಮವನ್ನು ಬಿಸಿನೀರಲ್ಲಿ ಒತ್ತಿ ಉಜ್ಜಿ ಮಾಡಿದ ಬಟ್ಟೆ ಅದು. ಬೀವರ್, ಮೊಲ, ಕಾಡುಮೊಲ, ಮಸ್ಕ್‌ರ‍್ಯಾಟ್, ನ್ಯೂಟ್ರಿಯಾ, ಯಾಕ್, ಒಂಟೆ, ಕೆಲವು ದುಬಾರಿ ಹ್ಯಾಟುಗಳಲ್ಲಿ ಮಿಂಕ್, ಚಿಂಚಿಲ್ಲಾ ಕೂಡ. ಇಷ್ಟೆಲ್ಲ ಪ್ರಾಣಿಗಳ ರೋಮ ಟೋಪಿಯಾಗುತ್ತದೆ, ನಮ್ಮ ಕುರಿಯದು ಯಾಕೆ ತಿಪ್ಪೆ ಸೇರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಆ ಟೋಪಿಗಳ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ರೋಮ ಹೇಗೆ ಬಟ್ಟೆಯಾಗುತ್ತದೆ ಅನ್ನೋದು. ಹೊಲದ ಬದುವಿನಲ್ಲಿ ಉತ್ತರಾಣಿ ಗಿಡ ನೋಡಿರುತ್ತೀರಿ ಅಲ್ವಾ? ಅದರ ಕಡ್ಡಿಯನ್ನು ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಚುಚ್ಚುತ್ತದೆ. ಪ್ರಾಣಿಯ ರೋಮವೂ ಹಾಗೇ. ಅದರ ಮೈ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಚಕ್ಕೆಗಳಿವೆ. ಎಲ್ಲ ಚಕ್ಕೆಗಳ ಮುಖವೂ ತುದಿಯ ಕಡೆಗೆ. ನಿಮ್ಮ ತಲೆಯ ಒಂದು ಕೂದಲನ್ನೇ ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೆ ಹಿಡಿದು, ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿ ನೋಡಿ. ಕೂದಲು ಮೆಲ್ಲಗೆ ಒಂದೇ ದಿಕ್ಕಿಗೆ ಹರಿಯುತ್ತದೆ, ಬುಡ ಮುಂದಾಗಿ. ಸಾವಿರಾರು ರೋಮಗಳನ್ನು ಒಟ್ಟಿಗೆ ಹರಡಿ, ಬಿಸಿನೀರು ಹಾಕಿ, ಒತ್ತಿ ಉರುಳಿಸಿದರೆ ಒಂದೊಂದೂ ತನ್ನ ದಾರಿಯಲ್ಲಿ ಹರಿದು ಇನ್ನೊಂದರೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಬರಲು ಚಕ್ಕೆ ಬಿಡುವುದಿಲ್ಲ. ಒಮ್ಮೆ ಗಟ್ಟಿಯಾದ ಫೆಲ್ಟನ್ನು ಮತ್ತೆ ಬಿಡಿಸಿ ರೋಮ ಮಾಡಲು ಆಗುವುದಿಲ್ಲ.

ಆದರೆ ಎಲ್ಲ ರೋಮವೂ ಒಂದೇ ಥರ ಅಲ್ಲ. ತುಪ್ಪಟವಿರುವ ಬಹಳಷ್ಟು ಪ್ರಾಣಿಗಳಿಗೆ ಎರಡು ಪದರ ಕೂದಲಿರುತ್ತದೆ. ಹೊರಗಿನದು ಉದ್ದ, ಬಿರುಸು, ನೇರ. ಮಳೆ ಗಾಳಿಯನ್ನು ತಡೆಯುವುದು ಅದರ ಕೆಲಸ. ಒಳಗಿನದು ಗಿಡ್ಡ, ಸಣ್ಣ, ಮೆತ್ತಗಿನ ತುಪ್ಪಟ. ಹ್ಯಾಟಿಗೆ ಬೇಕಿರುವುದು ಒಳಗಿನದು. ನೀರಿನಲ್ಲೇ ಬದುಕುವ, ಚಳಿ ದೇಶದ ಪ್ರಾಣಿಗೆ ಈ ಒಳ ತುಪ್ಪಟ ದಟ್ಟವಾಗಿರುತ್ತದೆ. ಬೀವರ್ ಅಂಥದ್ದೇ ಪ್ರಾಣಿ. ಹೊಳೆಗೆ ಅಡ್ಡಲಾಗಿ ಮರದ ಕಟ್ಟೆ ಕಟ್ಟುವ ಈ ದಂಶಕದ ಒಳ ತುಪ್ಪಟ ಬಹಳ ಸಣ್ಣದು, ಚಕ್ಕೆಗಳೂ ಚೆನ್ನಾಗಿ ಎದ್ದಿರುತ್ತವೆ. ಹಾಗಾಗಿ ಸುಲಭವಾಗಿ ಬೆಸೆದುಕೊಳ್ಳುತ್ತದೆ. ಹ್ಯಾಟ್ ಹಗುರ, ಮಳೆಗೆ ಆಕಾರ ಕೆಡುವುದಿಲ್ಲ.

ಈ ಒಳ್ಳೆಯ ಗುಣವೇ ಬೀವರ್‌ಗೆ ಕುತ್ತಾಯಿತು. ಯುರೋಪಿನವರು ತಮ್ಮ ಹೊಳೆಗಳ ಬೀವರ್‌ಗಳನ್ನು ತುಪ್ಪಟಕ್ಕೆ, ಮಾಂಸಕ್ಕೆ, ಅದರ ಮೈಯ ಗ್ರಂಥಿಯಿಂದ ಸಿಗುವ ಔಷಧಿ ದ್ರವ್ಯಕ್ಕೆ ಅಂತ ಬೇಟೆಯಾಡಿ ಮುಗಿಸಿದರು. 20ನೇ ಶತಮಾನದ ಆರಂಭದ ಹೊತ್ತಿಗೆ ಇಡೀ ಯುರೋಪ್ ಏಷ್ಯಾದಲ್ಲಿ ಉಳಿದಿದ್ದು ಸುಮಾರು 1,200 ಬೀವರ್‌ಗಳು ಮಾತ್ರ. ತಮ್ಮಲ್ಲಿ ಖಾಲಿಯಾಗುತ್ತಾ ಬಂದಂತೆ ವ್ಯಾಪಾರಿಗಳ ಕಣ್ಣು ಉತ್ತರ ಅಮೆರಿಕದ ಮೇಲೆ ಬಿತ್ತು. 1670ರಲ್ಲಿ ಇಂಗ್ಲೆಂಡಿನ ರಾಜ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಕೊಟ್ಟ. ಇಂದಿನ ಕೆನಡಾದ ದೊಡ್ಡ ಭಾಗದ ವ್ಯಾಪಾರವೇ ಅದರ ಕೈಗೆ ಹೋಯಿತು. ಆ ಕಂಪನಿ ಬೆಳೆದಿದ್ದು ಹ್ಯಾಟಿನ ತುಪ್ಪಟದ ಮೇಲೆ. ಅದು 2025ರವರೆಗೆ ಅಂಗಡಿ ನಡೆಸಿ, ಸಾಲ ತೀರಿಸಲಾಗದೆ ಬಾಗಿಲು ಹಾಕಿತು.

ಈ ವ್ಯಾಪಾರದಲ್ಲಿ ಒಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೊಸದಾಗಿ ಸುಲಿದು ಒಣಗಿಸಿದ ಚರ್ಮಕ್ಕಿಂತ ಅಲ್ಲಿನ ಮೂಲ ನಿವಾಸಿಗಳು ಉಟ್ಟು ಹಳೆಯದಾದ ಬೀವರ್ ನಿಲುವಂಗಿಗೆ ವ್ಯಾಪಾರಿಗಳು ಜಾಸ್ತಿ ಬೆಲೆ ಕೊಡುತ್ತಿದ್ದರು. ತುಪ್ಪಟದ ಕಡೆ ಮೈಗೆ ತಾಗುವಂತೆ ಒಂದೆರಡು ಚಳಿಗಾಲ ತೊಟ್ಟ ಅಂಗಿ ಅದು. ಮೈಯ ಶಾಖ, ಬೆವರು, ಜಿಡ್ಡು, ಉಜ್ಜುವಿಕೆ ಎಲ್ಲ ಸೇರಿ ಹೊರಗಿನ ಬಿರುಸು ಕೂದಲು ಉದುರಿ ಹೋಗಿರುತ್ತಿತ್ತು. ಒಳ ತುಪ್ಪಟ ಮಾತ್ರ ಹದವಾಗಿ ಉಳಿದಿರುತ್ತಿತ್ತು. ಹ್ಯಾಟ್ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆಯೇ. ಅಂದರೆ ಬೆಲೆ ಇದ್ದದ್ದು ಪ್ರಾಣಿಗಷ್ಟೇ ಅಲ್ಲ, ಬಿರುಸು ಕೂದಲನ್ನೂ ಮೆತ್ತನೆ ಕೂದಲನ್ನೂ ಬೇರೆ ಮಾಡಿಕೊಟ್ಟ ಕೆಲಸಕ್ಕೂ. ನಮ್ಮ ಉಣ್ಣೆಯ ಕಷ್ಟ ಇರುವುದೂ ಸರಿಯಾಗಿ ಇಲ್ಲೇ.

ಬೀವರ್ ದುಬಾರಿಯಾದಾಗ ಹ್ಯಾಟ್ ಮಾಡುವವರು ಮೊಲ, ಕಾಡುಮೊಲಗಳ ಕಡೆ ತಿರುಗಿದರು. ಇವುಗಳ ತುಪ್ಪಟ ಸಣ್ಣದೇ, ಆದರೆ ಬೀವರ್‌ನಷ್ಟು ಸುಲಭವಾಗಿ ಬೆಸೆಯುವುದಿಲ್ಲ. ಅದಕ್ಕೊಂದು ಉಪಾಯ ಹುಡುಕಿದರು. ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಚರ್ಮದ ಮೇಲೆ ಸವರಿ ಒಣಗಿಸುವುದು. ರೋಮದ ಹೊರಮೈ ಒರಟಾಗಿ, ತುದಿ ಸುರುಳಿಯಾಗಿ, ಬೇಗ ಬೆಸೆದುಕೊಳ್ಳುತ್ತಿತ್ತು. ತುದಿಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದವು. ಆಮೇಲೆ ಅದೇ ತುಪ್ಪಟವನ್ನು ಬಿಸಿ ಹಬೆಯಲ್ಲಿ ಒತ್ತುವಾಗ ಪಾದರಸದ ಆವಿ ಕೋಣೆ ತುಂಬುತ್ತಿತ್ತು. ಕಿಟಕಿ ತೆಗೆದರೆ ಹಬೆ ಹೋಗುತ್ತದೆ ಅಂತ ಮುಚ್ಚಿಟ್ಟ ಕೋಣೆಗಳಲ್ಲಿ ಕೆಲಸಗಾರರು ವರ್ಷಾನುಗಟ್ಟಲೆ ಅದನ್ನೇ ಉಸಿರಾಡಿದರು. ಕೈ ನಡುಗುವುದು, ಹಲ್ಲು ಸಡಿಲವಾಗುವುದು, ನೆನಪು ಹೋಗುವುದು, ಯಾರನ್ನೂ ಎದುರಿಸಲಾರದಷ್ಟು ಅಂಜಿಕೆ ಬರುವುದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಹ್ಯಾಟಿಗೆ ಹೆಸರಾದ ಊರು. ಅಲ್ಲಿ ಈ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಅಮೆರಿಕದಲ್ಲಿ ಹ್ಯಾಟ್ ಕೆಲಸಕ್ಕೆ ಪಾದರಸ ಬಳಸುವುದು ನಿಂತಿದ್ದು 1941ರ ಡಿಸೆಂಬರ್‌ನಲ್ಲಿ. ಈಗ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಆಮ್ಲಗಳಿಂದ ಅದೇ ಕೆಲಸ ನಡೆಯುತ್ತದೆ.

ಎರಡು ಶತಮಾನ ಕೆಲಸಗಾರರ ನರ ಸುಟ್ಟು ಮಾಡಿದ ಟೋಪಿ ಅದು. ಫ್ಯಾಷನ್ ಇತಿಹಾಸ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಹಾಗೆ ದಾಟಿಸುವ ವಿಷಯ ಇದಲ್ಲ. ಯಾವ ರೋಮವನ್ನು ಕೈಗೆತ್ತಿಕೊಂಡರೂ, ಅದನ್ನು ಹದಗೊಳಿಸುವ ಕೈಗಳಿಗೆ ಏನಾಗುತ್ತದೆ ಎಂದು ಮೊದಲು ಕೇಳಬೇಕು.

ಈಗ ಹ್ಯಾಟ್ ಕಂಪನಿಗಳು ಇನ್ನೊಂದು ವಾದ ಮುಂದಿಡುತ್ತವೆ. ಪರಿಸರಕ್ಕೆ ಪಿಡುಗಾದ ಪ್ರಾಣಿಯ ತುಪ್ಪಟ ಬಳಸಿದರೆ ಒಳ್ಳೆಯದೇ ಅಲ್ವಾ ಅಂತ. ಆಸ್ಟ್ರೇಲಿಯಾದ ಅಕುಬ್ರಾ ಹ್ಯಾಟುಗಳು ಮೊಲದ ತುಪ್ಪಟದವು. ಆ ದೇಶಕ್ಕೆ ಮೊಲ ಹೊರಗಿನದು. 1859ರಲ್ಲಿ ವಿಕ್ಟೋರಿಯಾದ ಒಬ್ಬ ಜಮೀನುದಾರ ಶಿಕಾರಿಗೆಂದು ಇಂಗ್ಲೆಂಡಿನಿಂದ ತರಿಸಿಕೊಂಡ ಸುಮಾರು ಎರಡು ಡಜನ್ ಮೊಲಗಳಿಂದ ಆ ಖಂಡದ ಹುಲ್ಲುಗಾವಲೇ ಹಾಳಾಯಿತು. 1950ರಲ್ಲಿ ಮೊಲಗಳಿಗೆ ರೋಗ ಹರಡುವ ವೈರಸ್ಸನ್ನೇ ಬಿಡಬೇಕಾಯಿತು.

ಅಮೆರಿಕದ ಲೂಸಿಯಾನದ ನ್ಯೂಟ್ರಿಯಾ ಕಥೆ ಇನ್ನೂ ಸಂಕಟದ್ದು. ದಕ್ಷಿಣ ಅಮೆರಿಕ ಮೂಲದ, ಕಿತ್ತಳೆ ಬಣ್ಣದ ಹಲ್ಲಿನ, ನೀರಲ್ಲಿ ಬದುಕುವ ದೊಡ್ಡ ದಂಶಕ ಅದು. 1930ರ ದಶಕದಲ್ಲಿ ತುಪ್ಪಟಕ್ಕೆಂದು ತಂದು ಸಾಕಿದರು. ತಪ್ಪಿಸಿಕೊಂಡವು, ಬಿಟ್ಟವು ಎಲ್ಲ ಜೌಗಿನಲ್ಲಿ ಹರಡಿದವು. 1970ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಚರ್ಮ ಹೊರಬೀಳುತ್ತಿತ್ತು. 1980ರ ದಶಕದಲ್ಲಿ ತುಪ್ಪಟದ ಮಾರುಕಟ್ಟೆ ಕುಸಿಯಿತು. ಹಿಡಿಯುವವರು ಕೈಬಿಟ್ಟರು. ಪ್ರಾಣಿಗಳು ಗಿಡದ ಬೇರು ಸಮೇತ ತಿಂದು ಕರಾವಳಿಯ ಜೌಗು ನೆಲವನ್ನೇ ಬೋಳು ಮಾಡಿದವು. 2002ರಿಂದ ಸರ್ಕಾರವೇ ಪ್ರತಿ ಬಾಲಕ್ಕೆ ಇಷ್ಟು ಡಾಲರ್ ಅಂತ ಕೊಟ್ಟು ಹಿಡಿಸುತ್ತಿದೆ. ಬಾಲ ತಂದರೆ ದುಡ್ಡು, ತುಪ್ಪಟ ಬೇಡ! ಅಲ್ಲಿ ಹಾಳಾಗಿ ಹೋಗುವ ನ್ಯೂಟ್ರಿಯಾ ತುಪ್ಪಟದಿಂದ ಯಾರಾದರೂ ಹ್ಯಾಟ್ ಮಾಡಿದರೆ ನನ್ನ ತಕರಾರಿಲ್ಲ. ಆದರೆ ಪಿಡುಗಿನ ತುಪ್ಪಟಕ್ಕೆ ಒಳ್ಳೆಯ ಬೆಲೆ ಬಂದರೆ ಪಿಡುಗು ಉಳಿಯಲಿ ಅನ್ನುವವರೂ ಹುಟ್ಟುತ್ತಾರೆ. ನ್ಯೂಟ್ರಿಯಾ ಅಲ್ಲಿಗೆ ಬಂದದ್ದೇ ತುಪ್ಪಟದ ಆಸೆಗೆ ಅನ್ನೋದನ್ನು ಮರೆಯುವಂತಿಲ್ಲ.

ನಮ್ಮ ದೇಶದ್ದೇ ಒಂದು ಅಪರೂಪದ ಟೋಪಿಯೂ ಇದೆ. ಅರುಣಾಚಲದ ಮೊನ್ಪಾ ಜನ ಮತ್ತು ಭೂತಾನಿನ ಬ್ರೋಕ್ಪಾ ಜನ ಯಾಕ್ ಕೂದಲಿನ ಫೆಲ್ಟ್ ಟೋಪಿ ಹಾಕುತ್ತಾರೆ. ದುಂಡಗಿನ ಕರಿ ಟೋಪಿಯ ಅಂಚಿನಿಂದ ಐದು ಜಡೆಗಳು ಇಳಿಬಿದ್ದಿರುತ್ತವೆ. ಮಳೆನೀರು ಆ ಜಡೆಗಳ ತುದಿಯಿಂದ ಹರಿದು ಹೊರಗೆ ಬೀಳುತ್ತದೆ, ಮುಖಕ್ಕೆ ಇಳಿಯುವುದಿಲ್ಲ. ಯಾಕ್ ಕಾಯುವವರೇ ಯಾಕ್ ಕೂದಲಿನಿಂದ ತಮ್ಮ ಮಳೆಗೆ ತಕ್ಕಂತೆ ಮಾಡಿಕೊಂಡ ಟೋಪಿ.

ನಮ್ಮ ಕುರಿಗಾರರು ಮಾಡಿದ್ದೂ ಅದನ್ನೇ. ಕರಿ ಕಂಬಳಿಯನ್ನು ಮೂಲೆಗೆ ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ತಲೆ, ಬೆನ್ನು, ಮೊಣಕಾಲಿನವರೆಗೂ ಮಳೆಯಿಂದ ಕಾಪು. ಉಣ್ಣೆಯಲ್ಲಿ ಉಳಿದ ಜಿಡ್ಡು ನೀರನ್ನು ಜಾರಿಸುತ್ತದೆ. ಹುಣಸೆ ಬೀಜದ ಸರಿ ಹಾಕಿ ನೇಯ್ದ ಬಿಗಿ ನೇಯ್ಗೆ ಗಾಳಿಯನ್ನು ತಡೆಯುತ್ತದೆ. ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಮೈಗೆ ಉಜ್ಜಿ ಕಂಬಳಿ ಇನ್ನಷ್ಟು ಗಟ್ಟಿಯಾಗುತ್ತದೆ. ಅದೂ ಒಂದು ಬಗೆಯ ಬೆಸುಗೆಯೇ, ಆ ಚಕ್ಕೆಗಳದ್ದೇ ಕೆಲಸ.

ಹಾಗಿದ್ದ ಕಂಬಳಿ ಕುಸಿದಿದ್ದು ಹೇಗೆ? ಒಂದೇ ಕಾರಣಕ್ಕಲ್ಲ. ಗಿರಣಿಯ ಅಗ್ಗದ ರಗ್ಗು ಸಂತೆಗೆ ಬಂತು. ಪ್ಲಾಸ್ಟಿಕ್ ಹಾಳೆ ಕೊಪ್ಪೆಯ ಜಾಗ ಹಿಡಿಯಿತು. ಮಾಂಸಕ್ಕೆ ಬೆಲೆ ಏರಿದ್ದರಿಂದ ಕುರಿಗಾರರು ಬೇಗ ತೂಕ ಬರುವ, ಉಣ್ಣೆ ಕಮ್ಮಿಯಿರುವ ತಳಿಗಳ ಟಗರು ತಂದು ಬೆರೆಸಿದರು. ಅದರಲ್ಲಿ ಅವರ ತಪ್ಪೇನಿಲ್ಲ, ಮನೆ ನಡೆಯುವುದು ಮರಿ ಮಾರಿದ ದುಡ್ಡಿನಲ್ಲಿ. ಮೇಯುವ ಜಾಗವೂ ಕರಗಿತು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಡೆಯ ಸುಮಾರು 10,000 ಎಕರೆ 2010ರ ಆಸುಪಾಸಿನಲ್ಲಿ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ಸುತ್ತಲ ಹಳ್ಳಿಗಳ ಕುರಿಗಳಿಗೆ ತಲೆಮಾರುಗಳಿಂದ ಹುಲ್ಲು ಕೊಟ್ಟ ನೆಲ ಅದು. ಅದರ ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುರಿ ಮಾತ್ರ ಕಡಿಮೆಯೇನಿಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 1.11 ಕೋಟಿ. ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ.

ಹಾಗಾದರೆ ಈ ಉಣ್ಣೆಯಿಂದ ದುಬಾರಿ ಹ್ಯಾಟ್ ಮಾಡಿ ರಫ್ತು ಮಾಡಬಹುದಾ? ನೇರವಾಗಿ ಹೇಳಬೇಕು, ಆಗುವುದಿಲ್ಲ. ಮೆರಿನೋ ತಳಿಯ ಕುರಿಯ ಸಣ್ಣ ಉಣ್ಣೆಯ ರೋಮ ಸುಮಾರು 20 ಮೈಕ್ರಾನ್ ಇಲ್ಲವೇ ಅದಕ್ಕಿಂತ ಕಡಿಮೆ ದಪ್ಪ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಬೀವರ್, ಮೊಲದ ಒಳ ತುಪ್ಪಟ ಅದಕ್ಕಿಂತಲೂ ಸಣ್ಣದು. ನಮ್ಮ ಡೆಕ್ಕನಿ, ಬಳ್ಳಾರಿ ತಳಿಗಳ ಉಣ್ಣೆ 30 ಮೈಕ್ರಾನ್ ದಾಟುತ್ತದೆ. ಅದರಲ್ಲಿ ನಡುವೆ ಟೊಳ್ಳಿರುವ ಬಿರುಸು ಕೂದಲು ಬಹಳ. ಅಂಥ ಕೂದಲು ಚೆನ್ನಾಗಿ ಬೆಸೆಯುವುದಿಲ್ಲ, ಮೈಗೆ ಚುಚ್ಚುತ್ತದೆ. ಕುರಿ ಉಣ್ಣೆಯ ಹ್ಯಾಟ್ ಒಳ್ಳೆ ಮೆರಿನೋದ್ದಾದರೂ ತುಪ್ಪಟದ ಹ್ಯಾಟಿನಷ್ಟು ಮಳೆ ತಡೆಯುವುದಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಕುರಿಗಾರರಿಗೆ ಸುಮ್ನೆ ಆಸೆ ಹುಟ್ಟಿಸುವುದು ಸರಿಯಲ್ಲ.

ಬೇರೆ ಪ್ರಾಣಿಗಳ ದಾರಿಯೂ ನಮಗೆ ಮುಚ್ಚಿದೆ, ಮುಚ್ಚಿರುವುದೇ ಸರಿ. ಜೋಗಿಮಟ್ಟಿ ಸುತ್ತಮುತ್ತಲ ಕಾಡುಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮಿಂಕ್, ನರಿ, ಚಿಂಚಿಲ್ಲಾ ಚರ್ಮಗಳ ಆಮದನ್ನು ಭಾರತ 2017ರಲ್ಲೇ ನಿಷೇಧಿಸಿದೆ. ಉಣ್ಣೆಗಾದರೋ ಕುರಿ ಸಾಯಬೇಕಿಲ್ಲ. ಆರು ತಿಂಗಳಿಗೊಮ್ಮೆ ಕತ್ತರಿಸಿದರೆ ಮತ್ತೆ ಬರುತ್ತದೆ. ಟೋಪಿಗೆ ಬಳಸಿದ ಬೀವರ್, ಕಾಡುಮೊಲ, ನ್ಯೂಟ್ರಿಯಾ ಯಾವುದಕ್ಕೂ ಇಲ್ಲದ ದೊಡ್ಡ ಗುಣ ಇದು.

ಹ್ಯಾಟ್ ಬಿಟ್ಟು ಫೆಲ್ಟ್ ಅಂತ ಯೋಚಿಸಿದರೆ ಲೆಕ್ಕವೇ ಬದಲಾಗುತ್ತದೆ. ಹಾರ್ಮೋನಿಯಂ ಮನೆಗಳ ಕೆಳಗೆ ಸದ್ದಾಗದಂತೆ ಹಾಸುವುದು ಫೆಲ್ಟ್. ಲೋಹ, ಕಲ್ಲು ಪಾಲಿಶ್ ಮಾಡುವ ಚಕ್ರಕ್ಕೆ ಫೆಲ್ಟ್. ಯಂತ್ರಗಳ ಸಂದಿಯಲ್ಲಿ ಎಣ್ಣೆ ಹಿಡಿದಿಡಲು ಫೆಲ್ಟ್. ಗೋಡೆಗೆ, ಚಾವಣಿಗೆ ಶಾಖ ಮತ್ತು ಸದ್ದು ತಡೆಯುವ ಹಾಸು. ಹೊಸದುರ್ಗ, ಹಿರಿಯೂರಿನ ದಾಳಿಂಬೆ ಗಿಡದ ಬುಡಕ್ಕೆ, ಚನ್ನಗಿರಿಯ ಅಡಿಕೆ ಸಸಿ ಬುಡಕ್ಕೆ ಮುಚ್ಚುವ ದಪ್ಪ ಹಾಸು. ಅದು ತೇವ ಹಿಡಿದಿಟ್ಟು, ಕೊಳೆತ ಮೇಲೆ ಸಾರಜನಕ ಕೊಡುತ್ತದೆ. ಇದಕ್ಕೆಲ್ಲ 20 ಮೈಕ್ರಾನ್ ಬೇಕಿಲ್ಲ. ಈಗ ಸ್ಟೇಷನರಿ ಅಂಗಡಿಗಳಲ್ಲಿ ಫೆಲ್ಟ್ ಅಂತ ಮಾರುವ ಬಣ್ಣದ ಹಾಳೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಕಾಶ್ಮೀರದಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ ನಮ್ದಾ ಅನ್ನುವ ಫೆಲ್ಟ್ ಹಾಸು ಇಂದಿಗೂ ಮಾಡುತ್ತಾರೆ. ಚಾಪೆಯ ಮೇಲೆ ಉಣ್ಣೆ ಪದರ ಪದರವಾಗಿ ಹರಡಿ, ಸಾಬೂನು ನೀರು ಚಿಮುಕಿಸಿ, ಸುರುಳಿ ಸುತ್ತಿ, ಕಾಲಿನಲ್ಲಿ ಒತ್ತಿ ಉರುಳಿಸುತ್ತಾರೆ. ಮಗ್ಗವೂ ಬೇಡ, ನೂಲೂ ಬೇಡ.

ನಮ್ಮಲ್ಲಿ ಈ ಕಲೆಗೆ ಬೇಕಾದ ಕೈ ಇಲ್ಲವೇ? ಇದೆ. ಯುರೋಪಿನ ಹ್ಯಾಟ್ ಮಾಡುವವರು ತುಪ್ಪಟವನ್ನು ಬಿಡಿಸಲು ಆಳೆತ್ತರದ ಬಿಲ್ಲು ಬಳಸುತ್ತಿದ್ದರು. ಮೇಲಿನಿಂದ ತೂಗುಹಾಕಿದ ಬಿಲ್ಲು, ಕರುಳಿನ ಹುರಿ. ಮರದ ಕಡ್ಡಿಯಿಂದ ಹುರಿ ಮೀಟಿದರೆ ಕಂಪನಕ್ಕೆ ತುಪ್ಪಟ ಎಳೆ ಎಳೆಯಾಗಿ ಹಾರಿ ಒಂದೇ ಸಮ ಹರಡಿಕೊಳ್ಳುತ್ತಿತ್ತು. ದಾವಣಗೆರೆ, ಚಿತ್ರದುರ್ಗದ ಹಳೆ ತಲೆಮಾರಿನವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹಾಸಿಗೆಯ ಅರಳೆ ಹಿಂಜಲು ಪಿಂಜಾರರು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಬಿಲ್ಲು ಅದೇ ಜಾತಿಯದು. ಟೊಂಯ್ ಟೊಂಯ್ ಸದ್ದಿಗೆ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದರು. ಈಗ ಆ ಮನೆತನಗಳಲ್ಲಿ ಹಲವರು ಯಂತ್ರದಲ್ಲಿ ಹತ್ತಿ ಹಿಂಜುತ್ತಾರೆ, ಹಾಸಿಗೆ ಅಂಗಡಿ ನಡೆಸುತ್ತಾರೆ. ಎಳೆ ಬಿಡಿಸಿ ಸಮವಾಗಿ ಹರಡುವ ಹದ ಅವರ ಕೈಯಲ್ಲಿದೆ. ಉಣ್ಣೆಯ ಗುಣ ಬಲ್ಲವರು ಕಂಬಳಿ ನೇಕಾರರು. ಕುರಿಯ ಗುಣ ಬಲ್ಲವರು ಕುರುಬರು, ಕಾಡುಗೊಲ್ಲರು. ಮೂರೂ ಸಮುದಾಯ ಒಂದೇ ತಾಲ್ಲೂಕಿನಲ್ಲಿವೆ. ಇವರನ್ನು ಒಂದೇ ಕೆಲಸಕ್ಕೆ ಕೂಡಿಸಿದ ಯೋಜನೆ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಹ್ಯಾಟನ್ನು ಗಟ್ಟಿ ಮಾಡುವ ಅರಗೂ ನಮ್ಮದೇ ದೇಶದ್ದು. ಜಾರ್ಖಂಡ್, ಛತ್ತೀಸ್‌ಗಢದ ಮರಗಳ ಮೇಲಿನ ಅರಗಿನ ಹುಳುವಿನಿಂದ ಬರುವ ಶೆಲಾಕ್ ಪ್ರಪಂಚದ ಹ್ಯಾಟುಗಳ ಅಂಚಿಗೆ ಬಿಗಿ ಕೊಟ್ಟಿದೆ. ಅಂಚು ಗಟ್ಟಿಯಿರುವ ದಪ್ಪ ಟೋಪಿ, ಚೀಲ, ಚಪ್ಪಲಿ ಒಳಹಾಸು ಇಂಥವಕ್ಕೆ ಅದನ್ನೇ ಬಳಸಬಹುದು.

ಅಡ್ಡಿ ಎಲ್ಲಿದೆ ಅಂದರೆ ರೊಪ್ಪ ಮತ್ತು ಚಾಪೆಯ ನಡುವೆ. ಮೊದಲನೆಯದು ಬೇರೆ ಮಾಡುವುದು. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ, ಬೆಸೆಯುವ ಗುಣವೂ ಅದರಲ್ಲೇ ಚೆನ್ನ. ಹೆಗಲು, ಬೆನ್ನಿನ ಉಣ್ಣೆ ನಡುತರದ್ದು. ಹೊಟ್ಟೆ, ತೊಡೆಯದು ಒರಟು, ಕೊಳಕು. ಇವತ್ತು ಎಲ್ಲವೂ ಒಂದೇ ಗೋಣಿಗೆ ಹೋಗುತ್ತದೆ. ಹಾಗೆ ಬೆರೆಸಿದ ಮೇಲೆ ಎಲ್ಲದಕ್ಕೂ ಒರಟಿನ ಬೆಲೆಯೇ. ಕಂಬಳಿಯಲ್ಲಿ ಕೂತು ಊಟ ಮಾಡುವಾಗ ಕೂದಲು ಆರಿಸಿದ ಹಾಗೆ ಆಮೇಲೆ ಆರಿಸಲು ಕೂತರೆ ಕೆಲಸ ಮುಗಿಯುವುದಿಲ್ಲ. ಕತ್ತರಿಸುವಾಗಲೇ ಮೂರು ಗೋಣಿ ಇಟ್ಟರೆ ಖರ್ಚು ಇಲ್ಲವೇ ಇಲ್ಲ.

ಎರಡನೆಯದು ತೊಳೆಯುವುದು. ಇದು ನಿಜವಾದ ಕಷ್ಟ. ಮಣ್ಣು, ಜಿಡ್ಡು ತೆಗೆಯಲು ಬಿಸಿನೀರು ಬೇಕು, ಬಹಳ ಬೇಕು. ಚಿತ್ರದುರ್ಗದಲ್ಲಿ ಕುಡಿಯುವ ನೀರಿಗೇ ಬೋರ್‌ವೆಲ್ ಆಳಕ್ಕೆ ಇಳಿಯುತ್ತಲೇ ಇದೆ. ಒಂದೊಂದು ಮನೆಯಲ್ಲಿ ತೊಳೆಯುವ ಮಾತು ಆಗದು. ಕತ್ತರಿಸುವ ಮುಂಚೆ ಕುರಿಗಳನ್ನೇ ಕೆರೆಯಲ್ಲಿ ಮೀಯಿಸುವ ಹಳೆಯ ಪದ್ಧತಿ ಇತ್ತು. ಕೆರೆ ತುಂಬಿದ ವರ್ಷ ಅದು ಈಗಲೂ ಆಗುತ್ತದೆ. ಮಿಕ್ಕಂತೆ ತಾಲ್ಲೂಕಿಗೊಂದು ತೊಳೆಯುವ ಘಟಕ, ಅದೇ ನೀರನ್ನು ಸೋಸಿ ಮತ್ತೆ ಬಳಸುವ ವ್ಯವಸ್ಥೆ, ಪಕ್ಕದಲ್ಲಿ ಹಿಂಜುವ ಯಂತ್ರ ಇರಬೇಕು. ಹೊರಬರುವ ಕೊಳಕು ನೀರಿನಲ್ಲಿ ಪೊಟ್ಯಾಷ್ ಇರುವುದರಿಂದ ಹದ ನೋಡಿ ತೋಟಕ್ಕೂ ಬಿಡಬಹುದು.

ಇದು ಕುರಿಗಾರನ ಜೇಬಿನಿಂದ ಆಗುವ ಕೆಲಸವಲ್ಲ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲೇ ಉಣ್ಣೆ ಇದೆ. ಕುರಿಗಾರರಿಗೆ ಸಿಗುವ ನೆರವು ಬಹುಪಾಲು ಕುರಿ ಕೊಳ್ಳಲು, ಮರಿ ಸಾಕಲು, ಸತ್ತ ಕುರಿಯ ಪರಿಹಾರಕ್ಕೆ. ಅದೆಲ್ಲ ಬೇಕು, ಕಡಿಮೆ ಮಾಡಬಾರದು. ಅದರ ಜೊತೆಗೆ ಚಳ್ಳಕೆರೆಯಲ್ಲಿ ಒಂದು ತೊಳೆಯುವ, ಹಿಂಜುವ ಘಟಕ ಹಾಕಿ, ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯಿಂದ ನಮ್ದಾ ಬಲ್ಲವರನ್ನು ಕರೆಸಿ, ಇಲ್ಲಿನ ಪಿಂಜಾರ ಮತ್ತು ನೇಕಾರ ಕುಟುಂಬಗಳ ಹೆಣ್ಣುಮಕ್ಕಳ ಜೊತೆ ಒಂದು ಕತ್ತರಿ ಕಾಲದ ಉಣ್ಣೆಯ ಮೇಲೆ ಪ್ರಯೋಗ ಮಾಡಲಿ. ಮರಿ ಉಣ್ಣೆಯಿಂದ ಟೋಪಿ, ಚೀಲ. ನಡುತರದ್ದರಿಂದ ಕಂಬಳಿ, ಹಾಸು. ಒರಟಿನಿಂದ ದಾಳಿಂಬೆ ಬುಡದ ಹಾಸು. ಮೂರನ್ನೂ ಬೇರೆ ಬೇರೆ ತೂಗಿ, ತೊಳೆದ ಮೇಲೆ ಎಷ್ಟು ಉಳಿಯಿತು, ಕೂಲಿ ಎಷ್ಟಾಯಿತು, ಮಾರಿದ್ದು ಎಷ್ಟಕ್ಕೆ ಅಂತ ಲೆಕ್ಕ ಬರೆದು ರೊಪ್ಪದವರ ಮುಂದೆ ಇಡಲಿ. ಕತ್ತರಿಸುವವರ ಕೂಲಿ ಕಳೆದು ಕೆಜಿಗೆ ಎಷ್ಟು ಉಳಿಯುತ್ತದೆ ಅನ್ನುವ ಒಂದು ಅಂಕಿ ಸಾಕು, ಮುಂದಿನ ಸಲ ಉಣ್ಣೆ ಗೋಣಿಗೆ ಹೋಗಬೇಕೋ ತಿಪ್ಪೆಗೋ ಅಂತ ಕುರಿಗಾರರೇ ತೀರ್ಮಾನ ಮಾಡುತ್ತಾರೆ.